ತಾಂಬೂಲದ ಜೊತೆ ಜೇನುತುಪ್ಪ: ಒಂದು ಮದುವೆಯ 321 ಬಾಟಲಿಗಳ ಪ್ರಕರಣ

ಶಿರಸಿ ಸೀಮೆಯ ನಮ್ಮ ಕುಟುಂಬದ ಮದುವೆಯೊಂದರಲ್ಲಿ, ಬಂದ ಪ್ರತಿ ಮನೆಗೂ ವಧೂವರರ ಹೆಸರಿನ ಲೇಬಲ್ ಅಂಟಿಸಿದ ಜೇನುತುಪ್ಪದ ಪುಟ್ಟ ಗಾಜಿನ ಬಾಟಲಿಯನ್ನು ತಾಂಬೂಲದೊಂದಿಗೆ ಕೊಟ್ಟೆವು. ವಧುವಿನ ಸೋದರಮಾವನೆಂಬ ಕಾರಣಕ್ಕೋ, ಲೆಕ್ಕ ಬರೆದಿಡುವ ಅಭ್ಯಾಸವಿದೆಯೆಂಬ ಕಾರಣಕ್ಕೋ, ಆ ಬಾಟಲಿಗಳ ಹೊಣೆ ಪೂರ್ತಿಯಾಗಿ ನನ್ನ ತಲೆಗೆ ಬಂತು. ಜೇನುತುಪ್ಪ ಎಲ್ಲಿಂದ ತರುವುದು, ಎಷ್ಟು ಬೇಕು, ಯಾವಾಗ ತುಂಬಿಸುವುದು, ಮೇಲೆ ಏನು ಬರೆಸುವುದು, ಯಾರಿಗೆ ಹೇಗೆ ಹಂಚುವುದು ಎಂಬ ಒಂದೊಂದು ಹಂತದಲ್ಲೂ ನಾವು ತೆಗೆದುಕೊಂಡ ತೀರ್ಮಾನಗಳನ್ನೂ ಅವುಗಳ ಫಲವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಇಂಥ ಉಡುಗೊರೆಯ ಯೋಚನೆ ಮಾಡಿದವರು ನನ್ನಲ್ಲಿಗೆ ಬಂದಾಗ ಮೊದಲು ಕೇಳುವುದು ಲೇಬಲ್ಲಿನ ಅಂದಚೆಂದದ ಬಗ್ಗೆ. ನಾವೂ ಅಲ್ಲಿಂದಲೇ ಶುರು ಮಾಡಿದ್ದೆವು. ಲೇಬಲ್ಲಿನ ಮೇಲೆ ಮದುಮಕ್ಕಳ ಹೆಸರಿತ್ತು, ತಿಥಿಯಿತ್ತು. ಒಳಗಿದ್ದ ಜೇನಿನ ಬಗ್ಗೆ ಒಂದೇ ಒಂದು ಸಾಲಿತ್ತು, ಆ ಸಾಲು ಐವತ್ತೊಂದು ಬಾಟಲಿಗಳ ಮಟ್ಟಿಗೆ ಸುಳ್ಳಾಗಿತ್ತು.

ಜೇನು ಕೊಡುವ ಯೋಚನೆ ಭಾವನದು, ಅಂದರೆ ವಧುವಿನ ತಂದೆಯದು. ಹತ್ತು ವರ್ಷದ ಹಿಂದೆ ಇದೇ ಮನೆಯ ಇನ್ನೊಂದು ಮದುವೆಯಲ್ಲಿ ಹೆಸರು ಕೊರೆಸಿದ ಸ್ಟೀಲ್ ಬಟ್ಟಲುಗಳನ್ನು ಹಂಚಿದ್ದರು. ಅವುಗಳಲ್ಲೊಂದು ಮೂರು ವರ್ಷ ಬಿಟ್ಟು ಯಾರದೋ ಗೃಹಪ್ರವೇಶದಲ್ಲಿ ಬಣ್ಣದ ಕಾಗದ ಸುತ್ತಿಕೊಂಡು ನಮ್ಮ ಮನೆಗೇ ತಿರುಗಿ ಬಂದಿತ್ತು. ತಳದಲ್ಲಿ ನಮ್ಮದೇ ಹೆಸರು. ತಿಂದು ಮುಗಿಸುವಂಥದ್ದನ್ನೇ ಕೊಡಬೇಕೆಂದು ಅವರು ಆಗಲೇ ನಿಶ್ಚಯಿಸಿದ್ದರು. ಮದುವೆಯ ದಿನ ಮಂಟಪಕ್ಕೆ ಬಂದ ವರನನ್ನು ಕನ್ಯೆಯ ತಂದೆ ಮಧುಪರ್ಕದಿಂದ ಸತ್ಕರಿಸುತ್ತಾನೆ. ಮೊಸರು, ತುಪ್ಪ, ಜೇನು ಸೇರಿಸಿದ ಆ ಪಾತ್ರೆಯನ್ನು ಎಷ್ಟೋ ಮದುವೆಗಳಲ್ಲಿ ಪುರೋಹಿತರನ್ನು ಬಿಟ್ಟರೆ ಬೇರೆ ಯಾರೂ ಗಮನಿಸುವುದಿಲ್ಲ. ವರನಿಗೆ ಸಲ್ಲುವ ಜೇನು ಬಂದವರಿಗೂ ಸಲ್ಲಲಿ ಎಂಬುದು ಭಾವನ ವಾದ. ಅದಕ್ಕೆ ಎದುರು ಮಾತಾಡುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಯಾವ ಜೇನು ಎಂಬುದು ಮುಂದಿನ ಪ್ರಶ್ನೆ. ನಮ್ಮ ಕಡೆ ಸಿಗುವುದು ನಾಲ್ಕು ಬಗೆ. ಎತ್ತರದ ಮರ ಮತ್ತು ಬಂಡೆಗಳಿಗೆ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು, ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು, ಗೋಡೆಯ ಸಂದಿನಲ್ಲಿ ಗೂಡು ಮಾಡುವ ಚುಚ್ಚದ ಮಿಸ್ರಿ, ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವ ತುಡುವೆ. ಮಿಸ್ರಿ ಜೇನು ಹುಳಿಮಿಶ್ರಿತವಾದ ಔಷಧದ ವಸ್ತು; ಒಂದು ಗೂಡಿನಲ್ಲಿ ಸಿಗುವುದು ಅಷ್ಟಿಷ್ಟು, ಮುನ್ನೂರು ಮನೆಗೆ ಅದರ ಮಾತೇ ಇಲ್ಲ. ಹೆಜ್ಜೇನು ಬೇಕಾದಷ್ಟು ಸಿಗುತ್ತದೆ, ಆದರೆ ಎರಿಯನ್ನು ಹಿಂಡಿ ತೆಗೆಯುವಾಗ ಮರಿ, ಪರಾಗ ಎಲ್ಲವೂ ಸೇರಿಕೊಳ್ಳುವ ಸಂಭವ ಹೆಚ್ಚು. ಸೋಸಿದರೂ ಬೇಗ ನೊರೆ ಬರುತ್ತದೆ. ಉಳಿದದ್ದು ಪೆಟ್ಟಿಗೆಯ ತುಡುವೆ ಜೇನು.

ನಮ್ಮ ಊರಿನಲ್ಲೇ ಜೇನು ಸಾಕುವ ಹಿರಿಯರೊಬ್ಬರಿದ್ದಾರೆ. ತೋಟದ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ ಒಂಬತ್ತು ಪೆಟ್ಟಿಗೆ ಇಟ್ಟಿದ್ದಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದಾಗ ಅವರ ಮನೆಯ ಪೆಟ್ಟಿಗೆಗಳೂ ಖಾಲಿಯಾಗಿದ್ದವು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದುದನ್ನು ಅವರು ಈಗಲೂ ಕೈಬೆರಳು ಮಡಚಿ ತೋರಿಸುತ್ತಾರೆ. ಕಾಡಿನಿಂದ ಹೊಸ ಕುಟುಂಬ ಹಿಡಿದು ತಂದು ಮತ್ತೆ ಹೆಚ್ಚಿಸಿಕೊಂಡವರು ಅವರು. ನಮ್ಮ ಕಡೆ ಒಂದು ಪೆಟ್ಟಿಗೆಗೆ ವರ್ಷಕ್ಕೆ ಐದಾರು ಕೆಜಿ ಸಿಕ್ಕರೆ ಸಮಾಧಾನ, ಹತ್ತು ಸಿಕ್ಕರೆ ಸಂಭ್ರಮ. ಆ ವರ್ಷ ಮಾರ್ಚ್‌ನಿಂದ ಏಪ್ರಿಲ್ ಕೊನೆಯವರೆಗೆ ಅವರಿಗೆ ಒಟ್ಟು 38 ಕೆಜಿ ಸಿಕ್ಕಿತು. ಮನೆಗೆಂದು ನಾಲ್ಕು ಕೆಜಿ ಇಟ್ಟುಕೊಂಡು, ಕೆಜಿಗೆ 600 ರೂಪಾಯಿಯಂತೆ 34 ಕೆಜಿ ನಮಗೆ ಕೊಡಲು ಒಪ್ಪಿದರು. ನಾವು ಕೇಳಿದ್ದೂ ಅಷ್ಟೇ. ಹಾಗೆ ಕೇಳಿದ್ದರಲ್ಲೇ ತಪ್ಪಿತ್ತು.

ಗ್ರಾಂ ಮತ್ತು ಎಂ.ಎಲ್.

ಆಮಂತ್ರಣದ ಪಟ್ಟಿಯಲ್ಲಿ ಸುಮಾರು 300 ಮನೆಗಳಿದ್ದವು. ಇಪ್ಪತ್ತು ಹೆಚ್ಚಿಗೆ ಇರಲಿ ಎಂದು 320 ಬಾಟಲಿಗೆ ಲೆಕ್ಕ ಹಾಕಿದೆ. ಹುಬ್ಬಳ್ಳಿಯಿಂದ 100 ಎಂ.ಎಲ್. ಅಳತೆಯ, ತಗಡಿನ ಮುಚ್ಚಳದ ಗಾಜಿನ ಬಾಟಲಿಗಳನ್ನು ತರಿಸಿದೆವು. ಒಡೆಯುವುದನ್ನೂ ಲೆಕ್ಕಕ್ಕೆ ಹಿಡಿದು 340. ಒಂದಕ್ಕೆ ನೂರು ಗ್ರಾಂ, 320ಕ್ಕೆ 32 ಕೆಜಿ, ಚೆಲ್ಲಿದ್ದು ಅಂಟಿದ್ದು ಎಂದು ಇನ್ನೆರಡು, ಒಟ್ಟು 34 ಕೆಜಿ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಂಡಿತು.

ನೂರು ಎಂ.ಎಲ್. ನೀರು ನೂರು ಗ್ರಾಂ ತೂಗುತ್ತದೆ. ನೂರು ಎಂ.ಎಲ್. ಜೇನುತುಪ್ಪ ಸುಮಾರು 140 ಗ್ರಾಂ ತೂಗುತ್ತದೆ. ಕತ್ತಿನವರೆಗೆ ತುಂಬಿಸಿದಾಗ ನಮ್ಮ ಬಾಟಲಿ ಹಿಡಿದದ್ದು ಸರಾಸರಿ 135 ಗ್ರಾಂ. ಶಾಲೆಯಲ್ಲಿ ಸಾಂದ್ರತೆ ಎಂಬ ಪಾಠವನ್ನು ನಾನೂ ಓದಿದವನೇ. ಜೇನು ನೀರಿಗಿಂತ ಭಾರವೆಂಬುದು ಚಮಚದಲ್ಲಿ ಎತ್ತಿದರೆ ಮಗುವಿಗೂ ತಿಳಿಯುತ್ತದೆ. ಆದರೂ ಹೊಳೆಯಲಿಲ್ಲ. ಜೇನು ಕೊಳ್ಳುವುದು ಕೆಜಿಯಲ್ಲಿ, ಬಾಟಲಿ ಕೊಳ್ಳುವುದು ಎಂ.ಎಲ್.ನಲ್ಲಿ, ಎರಡೂ ಲೆಕ್ಕದಲ್ಲಿ ನೂರೆಂಬ ಅಂಕಿ ಕಂಡದ್ದೇ ತಡ ಮನಸ್ಸು ಒಂದನ್ನು ಇನ್ನೊಂದಕ್ಕೆ ಜೋಡಿಸಿಬಿಟ್ಟಿತು.

ಇದನ್ನು ಮೊದಲೇ ಕಂಡುಹಿಡಿಯುವ ಅವಕಾಶವೂ ಒದಗಿತ್ತು. ಮದುವೆಗೆ ಎರಡು ವಾರ ಮೊದಲು ಪರೀಕ್ಷೆಗೆಂದು ಹನ್ನೆರಡು ಬಾಟಲಿಗಳಿಗೆ ಲೇಬಲ್ ಅಂಟಿಸಿ ಜೇನು ತುಂಬಿಸಿದೆವು. ಹೊರಗೆ ಸೋರಿದ ಜೇನನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಲೇಬಲ್ಲಿನ ಶಾಯಿ ಹರಿದು, ವರನ ಹೆಸರು ಕೆನ್ನೀಲಿ ಮಸಿಯಾಗಿ ಹೆಬ್ಬೆರಳಿಗೆ ಅಂಟಿಕೊಂಡಿತು. ಎಲ್ಲರ ಗಮನವೂ ಆ ಮಸಿಯ ಮೇಲೆ ಹೋಯಿತು. ಮುದ್ರಕರ ಬಳಿ ಓಡಿ, ನೀರಿಗೆ ಹಾಳಾಗದ ಸ್ಟಿಕ್ಕರಿನಲ್ಲಿ ಎಲ್ಲ 340 ಲೇಬಲ್‌ಗಳನ್ನು ಮತ್ತೆ ಮುದ್ರಿಸಲು ಕೊಟ್ಟು ಬಂದೆವು. ಅಡಿಕೆ ತೂಗುವ ತಕ್ಕಡಿ ಜಗಲಿಯ ಮೇಲೆಯೇ ಇತ್ತು. ಆ ಹನ್ನೆರಡರಲ್ಲಿ ಒಂದನ್ನು ಅದರ ಮೇಲೆ ಇಡಬೇಕೆಂದು ಯಾರಿಗೂ ತೋಚಲಿಲ್ಲ.

ತುಂಬಿಸಿದ ಎರಡು ದಿನ

ಸಾಕಣೆದಾರರ ಕೆಲಸ ಮಾತ್ರ ನೋಡಿ ಕಲಿಯುವಂತಿತ್ತು. ಹುಳುಗಳು ಮೇಣದ ಮುಚ್ಚಳ ಹಾಕಿ ಮುಗಿಸಿದ ಚೌಕಟ್ಟುಗಳನ್ನು ಮಾತ್ರ ಅವರು ಜೇನು ತೆಗೆಯುವ ಯಂತ್ರಕ್ಕೆ ಹಾಕುತ್ತಿದ್ದರು. ಕಾಲುಭಾಗ ಮುಚ್ಚದೆ ಉಳಿದಿದ್ದರೂ ತಿರುಗಿ ಪೆಟ್ಟಿಗೆಗೆ ಇಳಿಸುತ್ತಿದ್ದರು. ಮಕರಂದದಲ್ಲಿ ನೀರೇ ಬಹಳ. ಹುಳುಗಳು ರೆಕ್ಕೆ ಬೀಸಿ ಆ ನೀರನ್ನು ಆರಿಸಿ, ಹದಕ್ಕೆ ಬಂದಮೇಲೆ ಕಣಕ್ಕೆ ಮುಚ್ಚಳ ಹಾಕುತ್ತವೆ. ಅವಸರದಲ್ಲಿ ತೆಗೆದ ಹಸಿ ಜೇನಿನಲ್ಲಿ ತೇವಾಂಶ ಹೆಚ್ಚಿರುವುದರಿಂದ ಅದು ಹುಳಿಯುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಜೇನಿಗೆ ಇಟ್ಟಿರುವ ತೇವಾಂಶದ ಮಿತಿ ಶೇ. 20. ಅವರ ಬಳಿ ತೇವಾಂಶ ಅಳೆಯುವ, ಬೆರಳುದ್ದದ ರಿಫ್ರಾಕ್ಟೋಮೀಟರ್ ಒಂದಿದೆ. ಗಾಜಿನ ಮೇಲೆ ಒಂದು ಹನಿ ಹಾಕಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ‘ಹತ್ತೊಂಬತ್ತೂವರೆ’ ಎಂದರು. ನನಗೂ ನೋಡಲು ಕೊಟ್ಟರು. ನೀಲಿಗೂ ಬಿಳಿಗೂ ನಡುವೆ ಒಂದು ಗೆರೆ, ಅಷ್ಟೇ.

ಬಾಟಲಿಗಳನ್ನು ತೊಳೆದು ಅಡಿಕೆ ಒಣಹಾಕುವ ಅಟ್ಟದ ಮೇಲೆ ಎರಡು ದಿನ ಬೋರಲು ಹಾಕಿದ್ದೆವು. ಒಳಗೆ ಒಂದು ಹನಿ ನೀರು ಉಳಿದರೂ ಮೇಲ್ಪದರದ ಜೇನು ತೆಳುವಾಗಿ ಹುಳಿಯಲು ಶುರುವಾಗುತ್ತದೆಂದು ಅವರು ಎಚ್ಚರಿಸಿದ್ದರು. ಜೇನನ್ನು ಒಲೆಯ ಮೇಲೆ ಇಡಲು ಬಿಡಲಿಲ್ಲ. ನಲ್ಲಿಯಿರುವ ಸ್ಟೀಲ್ ಡ್ರಮ್ಮನ್ನು ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟು, ತೆಳುವಾದ ಮೇಲೆ ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ತಂಗಲು ಬಿಟ್ಟು, ಮೇಲೆ ಬಂದ ನೊರೆಯನ್ನು ಚಮಚದಿಂದ ತೆಗೆದು, ಆಮೇಲೆ ನಲ್ಲಿ ತಿರುಗಿಸಿದರು. ನಲ್ಲಿಯ ಬಾಯಿಂದ ಬಾಟಲಿಯ ತಳಕ್ಕೆ ಇಳಿಯುವ ಜೇನಿನ ಎಳೆ ಕಡಿಯದಂತೆ ಬಾಟಲಿಯನ್ನು ಓರೆಯಾಗಿ ಹಿಡಿಯಬೇಕು. ನೆಟ್ಟಗೆ ಹಿಡಿದರೆ ಎಳೆ ಮಡಿಕೆ ಮಡಿಕೆಯಾಗಿ ಬಿದ್ದು ಗಾಳಿ ಸೇರಿಕೊಂಡು ಬೆಳ್ಳನೆಯ ಗುಳ್ಳೆಗಳು ನಿಲ್ಲುತ್ತವೆ. ಮೊದಲ ಹತ್ತು ಬಾಟಲಿಗೆ ನಮಗೆ ಒಂದು ಗಂಟೆ ಹಿಡಿಯಿತು. ಸಂಜೆಯ ಹೊತ್ತಿಗೆ ಅಕ್ಕನ ಕೈ ಎಷ್ಟು ಪಳಗಿತ್ತೆಂದರೆ ಅವಳು ಮಾತಾಡುತ್ತಲೇ ನಲ್ಲಿ ಮುಚ್ಚುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ 248ನೇ ಬಾಟಲಿಗೆ ಡ್ರಮ್ ಬತ್ತಿತು. ಕೊನೆಯ ಹನಿಗಾಗಿ ಡ್ರಮ್ಮನ್ನು ಓರೆ ಮಾಡಿ ಹಿಡಿದು ಐದು ನಿಮಿಷ ನಿಂತಿದ್ದೆವು.

ಐವತ್ತು ಬಾಟಲಿಗಳ ಕೊರತೆ

ಕೊರತೆ ನಿಜಕ್ಕೂ ಎಷ್ಟೆಂದು ಹೇಳುವ ಮೊದಲು ಇನ್ನೊಂದು ಸಂಗತಿಯನ್ನು ಹೇಳಬೇಕು. ಭಾವನ ಸ್ನೇಹಿತರಲ್ಲಿ ಸೋಂದೆ ಕಡೆಯ ಜೈನ ಕುಟುಂಬಗಳು ಹಲವು. ಸೋಂದೆಯಲ್ಲಿ ವಾದಿರಾಜ ಮಠ, ಸ್ವರ್ಣವಲ್ಲೀ ಮಠಗಳ ಜೊತೆಗೆ ಸ್ವಾದಿಯ ದಿಗಂಬರ ಜೈನ ಮಠವೂ ಇದೆ. ಆ ಮನೆಗಳೊಂದಿಗೆ ನಮ್ಮವರ ಒಡನಾಟ ಎರಡು ತಲೆಮಾರಿನದು. ಮದ್ಯ, ಮಾಂಸ, ಮಧು ಎಂಬ ಮೂರು ‘ಮ’ಕಾರಗಳನ್ನು ಬಿಡುವುದು ಜೈನ ಶ್ರಾವಕರ, ಅಂದರೆ ಗೃಹಸ್ಥರ, ಮೂಲಗುಣಗಳಲ್ಲೇ ಸೇರಿದೆ. ಇದು ಗೊತ್ತಿಲ್ಲದ ವಿಷಯವಲ್ಲ, ಆದರೆ ಆ ಗಡಿಬಿಡಿಯಲ್ಲಿ ನೆನಪಾಗಿರಲಿಲ್ಲ. ಆಮಂತ್ರಣ ಕೊಡಲು ಹೋದ ಭಾವ ಅವರ ಜಗಲಿಯಲ್ಲಿ ಕೂತು ನೀರು ಬೆಲ್ಲ ತೆಗೆದುಕೊಳ್ಳುವಾಗ ಥಟ್ಟನೆ ಹೊಳೆಯಿತಂತೆ. ಪಟ್ಟಿ ನೋಡಿದಾಗ ಅಂಥ ಮನೆಗಳು 22. ಅವರಿಗೆ ಬಾಟಲಿಯೇ ಕೊಡದೆ ಬಿಟ್ಟರೆ ಪಂಕ್ತಿಭೇದವಾದೀತು. ಬೇರೆ ಬಗೆಯ ವಸ್ತು ಕೊಟ್ಟರೂ ಎದ್ದು ಕಾಣುತ್ತದೆ. ಆಲೆಮನೆಯಿಂದ ಆ ವರ್ಷ ತಂದಿದ್ದ ಜೋನಿ ಬೆಲ್ಲ, ಅಂದರೆ ಜೇನಿನಂತೆ ಹರಿಯುವ ನೀರು ಬೆಲ್ಲ, ಪರಿಹಾರವಾಯಿತು. ಅದೇ ಬಾಟಲಿ, ಅದೇ ಬಣ್ಣ, ಅದೇ ಹೆಸರು. ಗುರುತಿಗೆ ಕತ್ತಿಗೆ ಕೆಂಪು ದಾರ. ಜೇನಿಗೆ ಹಳದಿ ದಾರ. ಈ ಇಡೀ ಪ್ರಕರಣದಲ್ಲಿ ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೆಂದು ನನ್ನ ಅಭಿಪ್ರಾಯ, ಅದೂ ಮೂರು ಕೆಜಿ ಬೆಲ್ಲದಲ್ಲಿ ಮುಗಿಯಿತು.

ಹಾಗಾಗಿ ಜೇನಿನ ಬಾಟಲಿ ಬೇಕಿದ್ದದ್ದು 298. ತುಂಬಿದ್ದು 248. ಐವತ್ತಕ್ಕೆ ಇನ್ನೂ ಏಳು ಕೆಜಿ ಬೇಕು, ಮದುವೆಗೆ ಉಳಿದದ್ದು ಒಂಬತ್ತು ದಿನ.

ಸಾಕಣೆದಾರರ ಪೆಟ್ಟಿಗೆಗಳಲ್ಲಿ ಮುಚ್ಚಳ ಹಾಕದ ಚೌಕಟ್ಟುಗಳಿದ್ದವು. ಅವನ್ನು ತೆಗೆಯಲು ಅವರು ಸುತರಾಂ ಒಪ್ಪಲಿಲ್ಲ. ಮಳೆಗಾಲ ಹತ್ತಿರ ಬಂತು, ಹುಳುಗಳ ಪಾಲನ್ನೂ ಕಸಿದರೆ ಆಷಾಢದಲ್ಲಿ ಅವು ಪೆಟ್ಟಿಗೆ ಬಿಟ್ಟು ಹೋಗುತ್ತವೆ ಎಂದರು. ತುಂಬಿದ ಬಾಟಲಿಗಳಿಂದ ಇಪ್ಪತ್ತೈದು ಗ್ರಾಮಿನಷ್ಟು ತೆಗೆದು ಖಾಲಿಯವಕ್ಕೆ ಹಾಕಬಹುದಿತ್ತು. ಮುಚ್ಚಳ ಹಾಕಿ, ಒರೆಸಿ, ದಾರ ಕಟ್ಟಿ ಸಾಲಾಗಿ ಇಟ್ಟಿದ್ದನ್ನು ಮತ್ತೆ ಬಿಚ್ಚಲು ಯಾರಿಗೂ ಮನಸ್ಸಿರಲಿಲ್ಲ, ಅರೆಬಾಟಲಿ ಕೊಟ್ಟರೆಂಬ ಮಾತು ಬಂದೀತೆಂಬ ಅಳುಕೂ ಇತ್ತು. ಕೊನೆಗೆ ಸುಳ್ಯದಲ್ಲಿರುವ ನಮ್ಮ ನೆಂಟರೊಬ್ಬರಿಗೆ ಫೋನ್ ಮಾಡಿದೆವು. ಅವರದು ರಬ್ಬರ್ ತೋಟ; ತುಡುವೆ ಪೆಟ್ಟಿಗೆಗಳೂ ಇವೆ. ಕೆಜಿಗೆ 400 ರೂಪಾಯಿಯಂತೆ ಏಳು ಕೆಜಿ ಜೇನು ಬಸ್ಸಿನಲ್ಲಿ ಬಂತು. ರುಚಿ ಚೆನ್ನಾಗಿತ್ತು, ಬಣ್ಣ ಸ್ವಲ್ಪ ತಿಳಿ. ಐವತ್ತೊಂದು ಬಾಟಲಿ ತುಂಬಿತು.

ಬೆರೆಸಬೇಡಿ ಎಂದು ನಮ್ಮೂರ ಸಾಕಣೆದಾರರು ಹೇಳಿದ್ದರಿಂದ ಬೆರೆಸಲಿಲ್ಲ. ಆದರೆ ಲೇಬಲ್ ಒಂದೇ ಇತ್ತು. ಅದರಲ್ಲಿ ಹೆಸರುಗಳ ಕೆಳಗೆ ‘ಶಿರಸಿಯ ಕಾಡುಹೂವಿನ ಜೇನು’ ಎಂದು ಮುದ್ರಿಸಿಯಾಗಿತ್ತು. ಸುಳ್ಯದ ರಬ್ಬರ್ ತೋಟದ ಜೇನಿನ ಬಾಟಲಿಗಳಿಗೂ ಅದನ್ನೇ ಅಂಟಿಸಿದೆವು. ಅಂಟಿಸುವಾಗ ಯಾರೂ ಮಾತಾಡಲಿಲ್ಲ. ಒಂದು ಬಾರಿ ನಾನು ಅಕ್ಕನ ಮುಖ ನೋಡಿದೆ, ಅವಳು ಸ್ಟಿಕ್ಕರಿನ ಹಿಂಬದಿಯ ಕಾಗದ ಸುಲಿಯುವುದರಲ್ಲಿ ಮಗ್ನಳಾಗಿದ್ದಳು. ಐವತ್ತೊಂದು ಲೇಬಲ್‌ಗಳನ್ನು ಬೇರೆ ಮುದ್ರಿಸಲು ತಗಲುತ್ತಿದ್ದದ್ದು ಮುನ್ನೂರು ರೂಪಾಯಿ ಚಿಲ್ಲರೆ.

ಲೇಬಲ್ಲಿನಲ್ಲಿ ಇದ್ದದ್ದು, ಇಲ್ಲದ್ದು

ಲೇಬಲ್ಲಿನ ಬಗ್ಗೆ ನಮ್ಮ ಮನೆಯಲ್ಲಿ ಮೂರು ಸಂಜೆ ಚರ್ಚೆ ನಡೆದಿತ್ತು. ಮದುಮಗಳಿಗೆ ಇಬ್ಬರ ಫೋಟೋ ಬೇಕಿತ್ತು. ಅಕ್ಕ ಒಪ್ಪಲಿಲ್ಲ. “ಫೋಟೋ ಬ್ಯಾಡ. ಜೇನ್ತುಪ್ಪ ಖಾಲಿ ಆದ್ಮೇಲೆ ಬಾಟ್ಲಿ ಎಂತಾ ಆಗ್ತು? ಮಕ್ಕಳ ಮುಖ ಹೊತ್ತ್ಕಂಡು ತಿಪ್ಪೆಗೆ ಹೋಗ್ತು,” ಎಂದಳು. ಅಲ್ಲಿಗೆ ಫೋಟೋ ಹೋಯಿತು. ಅಕ್ಷರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ವರನ ಹೆಸರು ಮೊದಲೋ ವಧುವಿನದೋ, ಜೇನುಹುಳದ ಚಿತ್ರಕ್ಕೆ ರೆಕ್ಕೆ ಎರಡೋ ನಾಲ್ಕೋ (ನಾಲ್ಕು) ಎಂಬುದೆಲ್ಲ ಕೂಲಂಕಷವಾಗಿ ತೀರ್ಮಾನವಾಯಿತು. ಜೇನನ್ನು ಯಾವಾಗ ತೆಗೆದದ್ದು, ಯಾವ ಹುಳುವಿನದು, ಹೇಗೆ ಇಡಬೇಕು, ಯಾರು ತಿನ್ನಬಾರದು ಎಂಬುದರ ಪ್ರಸ್ತಾಪ ಮೂರು ಸಂಜೆಯಲ್ಲಿ ಒಮ್ಮೆಯೂ ಬರಲಿಲ್ಲ.

ಕೊನೆಯದನ್ನು ನೆನಪಿಸಿದವಳು ಮದುವೆಯ ಮುನ್ನಾದಿನ ಬಂದ ನಮ್ಮ ತಂಗಿಯ ಮಗಳು. ಅವಳು ಮಕ್ಕಳ ವಿಭಾಗದಲ್ಲಿ ನರ್ಸ್. ಬಾಟಲಿಯನ್ನು ತಿರುಗಿಸಿ ನೋಡಿ, “ಮಾವ, ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು ಅಂತ ಎಲ್ಲೂ ಬರೆಸಲಿಲ್ಲವಾ?” ಎಂದು ಕೇಳಿದಳು. ಜೇನಿನಲ್ಲಿ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ; ಹಸುಗೂಸಿನ ಕರುಳು ಇನ್ನೂ ಪಕ್ವವಾಗಿರದ ಕಾರಣ ಅಲ್ಲಿ ಮೊಳೆತು, ನರಗಳನ್ನು ದುರ್ಬಲಗೊಳಿಸುವ ವಿಷವನ್ನು ಉಂಟುಮಾಡಬಹುದು. ಅಪರೂಪ, ಆದರೆ ಪ್ರಾಣಕ್ಕೆ ಸಂಚಕಾರ ತರುವಂಥದ್ದು. ಶುದ್ಧ ಜೇನಿಗೂ ಈ ಮಾತು ಅನ್ವಯಿಸುತ್ತದೆ, ಬಿಸಿಲಿಗಿಟ್ಟರೆ ಈ ಕಣಗಳು ಸಾಯುವುದಿಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮ ಬಾಣಂತಿ ಕೋಣೆಗಳಲ್ಲಿ ಇವತ್ತಿಗೂ ನಡೆಯುವ ಪದ್ಧತಿ. ‘ನಮ್ಮೂರಿನ ಅಪ್ಪಟ ಜೇನು’ ಎಂದು ಕೈಗೆ ಸಿಕ್ಕರೆ ಅಜ್ಜಿಯರು ಮೊದಲು ನೆನೆಯುವುದು ತೊಟ್ಟಿಲನ್ನೇ. ಅಂಥ ಮನೆಗಳು ನಮ್ಮ ಪಟ್ಟಿಯಲ್ಲಿ ಕಡಿಮೆಯೆಂದರೂ ಎಂಟೊಂಬತ್ತು ಇದ್ದವು.

ಆ ರಾತ್ರಿ ಪೇಟೆಯ ಜೆರಾಕ್ಸ್ ಅಂಗಡಿಯವರನ್ನು ಬಾಗಿಲು ಹಾಕುವ ಹೊತ್ತಿಗೆ ಹಿಡಿದು, ಒಂದು ಹಾಳೆಗೆ ಹದಿನಾರರಂತೆ ಪುಟ್ಟ ಚೀಟಿಗಳನ್ನು ಮಾಡಿಸಿಕೊಂಡು ಬಂದೆವು. ‘ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ’ ಎಂದಷ್ಟೇ ಇತ್ತು. ಮಕ್ಕಳೆಲ್ಲ ಕೂತು ಹಳದಿ ದಾರಕ್ಕೆ ಪೋಣಿಸಿದರು. ಚೀಟಿಯಲ್ಲಿ ಇನ್ನೆರಡು ಸಾಲಿಗೆ ಜಾಗವಿತ್ತು. ಜೇನು ಹರಳುಗಟ್ಟಬಹುದೆಂದು ಆಗಲೇ ಬರೆದಿದ್ದರೆ ಮುಂದಿನ ಫಜೀತಿಯಲ್ಲಿ ಅರ್ಧ ತಪ್ಪುತ್ತಿತ್ತು.

ಹಂಚಿಕೆ

ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಬಾಟಲಿಯನ್ನೂ ಹಾಕುವುದೆಂದು ಮೊದಲು ಯೋಚಿಸಿದ್ದೆವು. ಹುಡುಗರು ಚೀಲಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕಾಯಿಯ ಪೆಟ್ಟಿಗೆ ಒಂದು ಬಾಟಲಿ ಬಿರಿಯಿತು, ಆ ಮೂಲೆಗೆ ಹದಿನೈದು ನಿಮಿಷದಲ್ಲಿ ಇರುವೆ ಸಾಲುಗಟ್ಟಿತು. ಬಾಟಲಿಗಳನ್ನು ಚೀಲದಿಂದ ಹೊರಗೆ ತೆಗೆದು, ಊಟ ಮುಗಿಸಿ ಹೊರಡುವವರ ಕೈಗೇ ಕೊಡುವಂತೆ ಬಾಗಿಲ ಬಳಿ ಒಂದು ಮೇಜು ಹಾಕಿದೆವು. ಇದು ಅನಿವಾರ್ಯಕ್ಕೆ ಮಾಡಿದ ಬದಲಾವಣೆ, ಆದರೆ ಬಹಳ ಉಪಕಾರವಾಯಿತು. ಮೇಜಿನ ಬಳಿ ಭಾವನ ತಮ್ಮ ನಿಂತಿದ್ದರು. ಸೋಂದೆಯವರ ಗುರುತು ಅವರಿಗಿದ್ದುದರಿಂದ ಕೆಂಪು ದಾರದ ಬಾಟಲಿ ಸರಿಯಾದ ಕೈ ಸೇರಿತು, ಕಂಕುಳಲ್ಲಿ ಮಗುವಿದ್ದವರಿಗೆ ಚೀಟಿಯ ಮಾತನ್ನು ಬಾಯಲ್ಲೂ ಹೇಳಲಾಯಿತು. ನ್ಯೂಜಿಲೆಂಡಿನಿಂದ ಬಂದಿದ್ದ ಅಣ್ಣನ ಮಗ ಮಾತ್ರ ತನ್ನ ಬಾಟಲಿಯನ್ನು ಅಜ್ಜಿಯ ಮನೆಯಲ್ಲೇ ಬಿಟ್ಟು ಹೋದ. ಜೇನುಸಾಕಣೆಗೆ ರೋಗ ತಗಲೀತೆಂದು ಆ ದೇಶ ಪ್ರಯಾಣಿಕರ ಜೇನನ್ನು ಒಳಗೆ ಬಿಡುವುದಿಲ್ಲ.

ಆ ದಿನ ಕೊಟ್ಟದ್ದು 291. ಉಳಿದದ್ದು ಜೇನು 26, ಬೆಲ್ಲ 3.

ಜುಲೈ ತಿಂಗಳ ಫೋನ್

ಮದುವೆಯಾಗಿ ಎರಡು ತಿಂಗಳಿಗೆ ಬೆಂಗಳೂರಿನ ನೆಂಟರೊಬ್ಬರು ಒಂದು ಫೋಟೋ ಕಳಿಸಿದರು. ಬಾಟಲಿಯ ಕೆಳಗಿನ ಅರ್ಧ ಬಿಳಿಚಿಕೊಂಡು ರವೆಯಂತಾಗಿತ್ತು, ಮೇಲಿನ ಅರ್ಧ ತಿಳಿಯಾಗಿತ್ತು. “ಭಾವ, ಸಕ್ಕರೆ ಪಾಕ ಕಳಿಸಿಕೊಟ್ಟಿರಾ ಹೇಗೆ?” ಎಂದು ನಗುತ್ತಲೇ ಕೇಳಿದರು. ನಗುತ್ತಿದ್ದರು ನಿಜ, ಆದರೆ ಕೇಳಿದ್ದಂತೂ ಹೌದು. ಆ ವಾರದಲ್ಲಿ ಹುಬ್ಬಳ್ಳಿ, ಮೈಸೂರುಗಳಿಂದಲೂ ಅದೇ ಪ್ರಶ್ನೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷಿಸಿ ಮೂರು ಮಾತ್ರ ಎಲ್ಲ ಪರೀಕ್ಷೆಗಳಲ್ಲಿ ಪಾಸಾದವೆಂದು ಹೇಳಿದಾಗಿನಿಂದ, ಜೇನಿನ ಬಾಟಲಿ ನೋಡಿದವರ ಕಣ್ಣಲ್ಲಿ ಮೊದಲು ಮೂಡುವುದು ಸಂಶಯವೇ. ಅದು ತಪ್ಪೂ ಅಲ್ಲ.

ಹರಳುಗಟ್ಟುವುದು ಕಲಬೆರಕೆಯ ಲಕ್ಷಣವಲ್ಲ. ಜೇನಿನಲ್ಲಿ ಮುಖ್ಯವಾಗಿ ಇರುವುದು ಫ್ರಕ್ಟೋಸ್ ಮತ್ತು ಗ್ಲೂಕೋಸ್ ಎಂಬ ಎರಡು ಸಕ್ಕರೆಗಳು. ಗ್ಲೂಕೋಸ್ ನೀರಿನಲ್ಲಿ ಅಷ್ಟಾಗಿ ಕರಗಿ ನಿಲ್ಲುವುದಿಲ್ಲ. ಅದರ ಪ್ರಮಾಣ ಹೆಚ್ಚಿರುವ ಜೇನು ಬೇಗ ಹರಳಾಗುತ್ತದೆ. ಹತ್ತರಿಂದ ಹದಿನೈದು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಇದಕ್ಕೆ ಅನುಕೂಲ, ಒಳಗಿರುವ ಪರಾಗದ ಕಣಗಳು ಹರಳಿಗೆ ಆಸರೆಯಾಗುತ್ತವೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲೋ ಬಿಸಿಲಿನಲ್ಲೋ ಇಟ್ಟರೆ ಮತ್ತೆ ತಿಳಿಯಾಗುತ್ತದೆ; ಕುದಿಸಬಾರದಷ್ಟೇ. ನೀರಿನ ಲೋಟಕ್ಕೆ ಹನಿ ಬಿಡುವುದು, ಬೆಂಕಿಕಡ್ಡಿಗೆ ಹಚ್ಚಿ ಗೀರುವುದು ಮುಂತಾದ ಮನೆ ಪರೀಕ್ಷೆಗಳಿಂದ ಅಸಲಿ ನಕಲಿ ತೀರ್ಮಾನ ಆಗುವುದಿಲ್ಲ.

ಇಷ್ಟನ್ನು ನಾನು ಫೋನಿನಲ್ಲಿ ಹೇಳಬಹುದಿತ್ತು, ಹೇಳಿದೆ ಕೂಡ. ಆದರೆ ಮನೆಯಲ್ಲಿ ಉಳಿದಿದ್ದ 26 ಬಾಟಲಿಗಳನ್ನು ತೆಗೆದು ಸಾಲಾಗಿ ಜೋಡಿಸಿ ನೋಡಿದಾಗ ಹರಳುಗಟ್ಟಿದ್ದವು ಐದು. ಐದೂ ತಿಳಿಬಣ್ಣದವು, ಸುಳ್ಯದವು. ರಬ್ಬರ್ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮತ್ತೆ ಚಿಗುರುವಾಗ, ಮೂರು ಎಲೆಗಳು ಕೂಡುವ ಗಂಟಿನಲ್ಲಿರುವ ಗ್ರಂಥಿಗಳಿಂದ ಸಿಹಿರಸ ಜಿನುಗುತ್ತದೆ. ಹುಳುಗಳು ಒಯ್ಯುವುದು ಅದನ್ನು. ಅಲ್ಲಿ ಕಾಡೂ ಇಲ್ಲ, ಹೂವೂ ಇಲ್ಲ. ಜೇನು ಅಪ್ಪಟವೇ, ಆದರೆ ಬೇಗ ಹರಳುಗಟ್ಟುವ ಗುಣ ಅದಕ್ಕಿದೆ. ಸಕ್ಕರೆ ಬೆರೆಸಿಲ್ಲವೆಂದು ಎದೆ ತಟ್ಟಿ ಹೇಳುವಾಗ ಲೇಬಲ್ಲಿನ ‘ಶಿರಸಿಯ ಕಾಡುಹೂವು’ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದು ಸುಳ್ಳು ಬರೆಸಿದವರು ಇನ್ನೊಂದರಲ್ಲಿ ನಿಜ ಹೇಳುತ್ತಿದ್ದಾರೆಂದು ಕೇಳುವವರು ಯಾಕೆ ನಂಬಬೇಕು?

ಯಾವ ಮನೆಗೆ ಯಾವ ಬಾಟಲಿ ಹೋಯಿತೆಂಬ ದಾಖಲೆ ಇರಲಿಲ್ಲ. ಎರಡಕ್ಕೂ ಹಳದಿ ದಾರವೇ. ಆದ್ದರಿಂದ ಭಾವನ ಒಪ್ಪಿಗೆ ಪಡೆದು ಎಲ್ಲ ಮನೆಗಳಿಗೂ ವಾಟ್ಸಾಪಿನಲ್ಲಿ ಒಂದೇ ಒಕ್ಕಣೆ ಕಳಿಸಿದೆವು: ನಮ್ಮ ಅಂದಾಜು ತಪ್ಪಿದ್ದರಿಂದ 51 ಬಾಟಲಿಗಳಲ್ಲಿ ಸುಳ್ಯದ ರಬ್ಬರ್ ತೋಟದ ಜೇನಿದೆ, ಬೆಳ್ಳಗೆ ಹರಳಾದರೆ ಅದು ಆ ಜೇನಿನ ಗುಣ, ಲೇಬಲ್ ಬದಲಿಸದಿದ್ದದ್ದು ನಮ್ಮ ತಪ್ಪು. ಕಳಿಸುವ ಗುಂಡಿ ಒತ್ತುವ ಮೊದಲು ಭಾವ ಎರಡು ಬಾರಿ ಓದಿಸಿಕೊಂಡರು.

ಖರ್ಚಿನ ವಿಷಯ. ಮೊದಲ ಅಂದಾಜು ಬಾಟಲಿಗೆ 80 ರೂಪಾಯಿಯಂತೆ 25,600. ಆದದ್ದು: ನಮ್ಮೂರ ಜೇನು 20,400, ಸುಳ್ಯದ ಜೇನು 2,800, ಜೋನಿ ಬೆಲ್ಲ 300, ಬಾಟಲಿ 5,440, ಹಾಳಾದ ಲೇಬಲ್ 1,360, ಎರಡನೆಯ ಲೇಬಲ್ 2,040, ಒಟ್ಟು 32,340, ಅಂದರೆ ಬಾಟಲಿಗೆ ಸುಮಾರು 101 ರೂಪಾಯಿ. ದಾರ, ಜೆರಾಕ್ಸ್, ಬಸ್ಸಿನ ಬಾಡಿಗೆ ಇದರಲ್ಲಿ ಸೇರಿಲ್ಲ. ಮನೆಯವರ ಎರಡು ದಿನದ ಕೆಲಸಕ್ಕೆ ಬೆಲೆ ಹಾಕಿಲ್ಲ.

ಬರುವ ವೈಶಾಖದಲ್ಲಿ ನನ್ನ ಮಗನ ಉಪನಯನವಿದೆ, ಮತ್ತೆ ಜೇನೇ ಎಂದು ಮನೆಯಲ್ಲಿ ಮಾತಾಗಿದೆ. ಈ ಬಾರಿ 150 ಬಾಟಲಿ, 21 ಕೆಜಿ ಹೇಳಿಟ್ಟಿದ್ದೇನೆ. ಲೇಬಲ್ಲಿನ ಮುಂಭಾಗದಲ್ಲಿ ವಟುವಿನ ಹೆಸರು, ಹಿಂಭಾಗದಲ್ಲಿ ಯಾವ ಹುಳು, ಯಾವ ಊರು, ಯಾವ ತಿಂಗಳು ತೆಗೆದದ್ದು, ಹಸುಗೂಸಿಗೆ ಬೇಡ, ಹರಳಾದರೆ ಬಿಸಿಲಿಗಿಡಿ. ಜೇನು ತುಂಬಿಸಿ ಮುಗಿಯುವವರೆಗೆ ಮುದ್ರಣಕ್ಕೆ ಕೊಡುವುದಿಲ್ಲ. ನಮ್ಮ ಒಕ್ಕಣೆಗೆ ಉತ್ತರ ಬರೆದವರು ಏಳು ಮಂದಿ. ಆರು ಜನ ಪರವಾಗಿಲ್ಲ ಎಂದಿದ್ದರು. ಹುಬ್ಬಳ್ಳಿಯ ಚಿಕ್ಕಮ್ಮ ಮಾತ್ರ, ಹರಳಾದದ್ದು ತೆಳ್ಳೇವಿಗೆ (ತೆಳು ದೋಸೆಗೆ) ಹಚ್ಚಲು ಬೆಣ್ಣೆಯ ಹಾಗೆ ಚೆನ್ನಾಗಿದೆ, ಆ ಸುಳ್ಯದ್ದೇ ಎರಡು ಕೆಜಿ ಸಿಗುತ್ತದಾ ಎಂದು ಕೇಳಿದ್ದರು.